ನನ್ನ ಲಿಂಕರ್‌ನಲ್ಲಿ ಟಿಎಲ್‌ಎಸ್: ‘ಆಮೇಲೆ ನೋಡೋಣ’ ಎಂದದ್ದಕ್ಕೆ ತೆತ್ತ ಬೆಲೆ

ಬಿಡುವಾದಾಗಲೆಲ್ಲ ನಾನೊಂದು ಚಿಕ್ಕ ಡೈನಾಮಿಕ್ ಲಿಂಕರ್ ಬರೆಯುತ್ತಾ ಬಂದಿದ್ದೇನೆ. ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಬೇಕಾದ ಲೈಬ್ರರಿಗಳನ್ನು ಮೆಮೊರಿಗೆ ತಂದು, ಒಂದರಲ್ಲಿ ಕೇಳಿದ ಹೆಸರು ಇನ್ನೊಂದರಲ್ಲಿ ಎಲ್ಲಿದೆ ಎಂದು ಹುಡುಕಿ ಜೋಡಿಸುವುದು ಲಿಂಕರ್ ಕೆಲಸ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಗ್ಲಿಬ್‌ಸಿ ಅಥವಾ ಮಸಲ್ ಎಂಬ ಸಿ ಲೈಬ್ರರಿಗಳ ಜೊತೆಗೆ ಬರುವ ಲಿಂಕರ್ ಇದನ್ನು ಮಾಡುತ್ತದೆ. ಒಳಗೆ ಏನು ನಡೆಯುತ್ತದೆ ಅಂತ ಕೈಯಾರೆ ಮಾಡಿ ನೋಡಬೇಕು ಅನ್ನಿಸಿತ್ತು, ಅದಕ್ಕೇ ಶುರು ಮಾಡಿದೆ.

ಫಂಕ್ಷನ್‌ಗಳ ಕೆಲಸ ಬೇಗ ಮುಗಿಯಿತು. ಅವುಗಳನ್ನು ಲೇಜಿಯಾಗಿ ಜೋಡಿಸಬಹುದು. ಅಂದರೆ ಶುರುವಿನಲ್ಲಿ ಹುಡುಕುವುದಿಲ್ಲ, ಯಾರಾದರೂ ಮೊದಲ ಸಲ ಕರೆದಾಗ ಹುಡುಕಿ ವಿಳಾಸ ಬರೆದಿಡುವುದು. ಥ್ರೆಡ್-ಲೋಕಲ್ ವೇರಿಯಬಲ್‌ಗಳಿಗೂ (ಇವನ್ನಿಡುವ ಜಾಗವೇ ಥ್ರೆಡ್-ಲೋಕಲ್ ಸ್ಟೋರೇಜ್, ಅಂದರೆ ಟಿಎಲ್‌ಎಸ್) ಹೀಗೇ ಮಾಡೋಣ ಅಂತ ಹೊರಟೆ. ಅಲ್ಲಿ ಹಿಡಿದ ಸಮಯ ಉಳಿದ ಇಡೀ ಲಿಂಕರ್‌ಗೆ ಹಿಡಿದದ್ದಕ್ಕಿಂತ ಜಾಸ್ತಿ.

ಥ್ರೆಡ್ ಅಂದರೆ ಒಂದೇ ಪ್ರೋಗ್ರಾಂ ಒಳಗೆ ಅಕ್ಕಪಕ್ಕದಲ್ಲಿ ಓಡುವ ಕೆಲಸದ ಎಳೆ. ಥ್ರೆಡ್-ಲೋಕಲ್ ಅಂದರೆ ಹೆಸರು ಒಂದೇ, ಆದರೆ ಪ್ರತಿ ಥ್ರೆಡ್‌ಗೂ ಅದರದೇ ಒಂದು ಪ್ರತಿ. ನಾವು ದಿನಾ ಬಳಸುವ ಎರ್‌ನೋ ಇಂಥದ್ದೇ. ಒಂದು ಥ್ರೆಡ್‌ನಲ್ಲಿ ಫೈಲ್ ತೆರೆಯಲಾಗದೆ ಬಂದ ಎರರ್ ನಂಬರ್ ಪಕ್ಕದ ಥ್ರೆಡ್‌ನಲ್ಲಿ ಕಾಣಿಸಬಾರದಲ್ವಾ. ಹಾಗಾಗಿ ಇಂಥ ವೇರಿಯಬಲ್‌ಗೆ ಒಂದೇ ವಿಳಾಸ ಅಂತ ಇರುವುದಿಲ್ಲ. ಇರುವುದು ‘ಥ್ರೆಡ್ ಪಾಯಿಂಟರ್‌ನಿಂದ (ಆಯಾ ಥ್ರೆಡ್‌ನ ಸ್ವಂತ ಜಾಗ ತೋರಿಸುವ ವಿಳಾಸದಿಂದ) ಇಷ್ಟು ದೂರ’ ಎಂಬ ಲೆಕ್ಕ ಮಾತ್ರ.

64 ಬಿಟ್ ಆರ್ಮ್ ಪ್ರೊಸೆಸರ್‌ನಲ್ಲಿ ಜಿಸಿಸಿ ಕಂಪೈಲರ್ ಈ ಲೆಕ್ಕಕ್ಕೆ ಟಿಎಲ್‌ಎಸ್ ಡಿಸ್ಕ್ರಿಪ್ಟರ್ ಎಂಬ ವ್ಯವಸ್ಥೆಯನ್ನು ತಾನಾಗಿಯೇ ಬಳಸುತ್ತದೆ. 64 ಬಿಟ್ ಇಂಟೆಲ್‌ನಲ್ಲಾದರೆ ಬಹುಕಾಲ ಇದನ್ನು ಬೇರೆ ಆಪ್ಷನ್ ಕೊಟ್ಟು ಕೇಳಿ ಪಡೆಯಬೇಕಿತ್ತು. ಅಲೆಕ್ಸಾಂಡ್ರೆ ಒಲಿವಾ ಮುಂದಿಟ್ಟ ಈ ವಿನ್ಯಾಸ ನನಗೆ ತುಂಬಾ ಇಷ್ಟ. ಡಿಸ್ಕ್ರಿಪ್ಟರ್ ಅಂದರೆ ಪಕ್ಕಪಕ್ಕದ ಎರಡು ಖಾನೆ, ತಲಾ 8 ಬೈಟ್. ಮೊದಲನೆಯದರಲ್ಲಿ ಒಂದು ಫಂಕ್ಷನ್‌ನ ವಿಳಾಸ, ಎರಡನೆಯದರಲ್ಲಿ ಆ ಫಂಕ್ಷನ್‌ಗೆ ಬೇಕಾದ ಮಾಹಿತಿ. ಕಂಪೈಲರ್ ಹೊರಡಿಸುವ ಕೋಡ್ ಡಿಸ್ಕ್ರಿಪ್ಟರ್‌ನ ವಿಳಾಸವನ್ನು ಎಕ್ಸ್0 ರಿಜಿಸ್ಟರ್‌ನಲ್ಲಿಟ್ಟು (ರಿಜಿಸ್ಟರ್ ಅಂದರೆ ಪ್ರೊಸೆಸರ್ ಒಳಗಿನ ಚಿಕ್ಕ ಖಾನೆ), ಮೊದಲ ಖಾನೆಯಲ್ಲಿರುವ ಫಂಕ್ಷನ್ನನ್ನು ಕರೆಯುತ್ತದೆ. ಫಂಕ್ಷನ್ ದೂರವನ್ನು ಎಕ್ಸ್0ದಲ್ಲೇ ವಾಪಸ್ ಕೊಡುತ್ತದೆ. ವೇರಿಯಬಲ್ ಮೊದಲೇ ಜಾಗ ಸಿಕ್ಕಿದ ಬ್ಲಾಕ್‌ನಲ್ಲಿದ್ದರೆ ಆ ಫಂಕ್ಷನ್ ಎರಡೇ ಇನ್‌ಸ್ಟ್ರಕ್ಷನ್: ಎರಡನೇ ಖಾನೆ ಓದು, ಹಿಂದಿರುಗು.

ಲೇಜಿ ಮಾಡುವುದು ಹೇಗೆ ಅಂದರೆ, ಶುರುವಿನಲ್ಲಿ ಮೊದಲ ಖಾನೆಯಲ್ಲಿ ‘ಹುಡುಕು’ ಎನ್ನುವ ಫಂಕ್ಷನ್, ಎರಡನೆಯದರಲ್ಲಿ ರಿಲೊಕೇಶನ್ ದಾಖಲೆಯ (ಲಿಂಕರ್ ಎಲ್ಲಿ ಏನು ತುಂಬಬೇಕು ಎಂದು ಹೇಳುವ ಟಿಪ್ಪಣಿಯ) ವಿಳಾಸ. ಯಾವ ಹೆಸರನ್ನು ಹುಡುಕಬೇಕು ಅನ್ನುವುದು ಆ ದಾಖಲೆಯಲ್ಲಿದೆ. ಮೊದಲು ಬಂದ ಥ್ರೆಡ್ ಬೀಗ ಹಾಕಿಕೊಂಡು ಮೊದಲ ಖಾನೆಗೆ ‘ಕಾಯಿರಿ’ ಫಂಕ್ಷನ್ ಹಾಕುತ್ತದೆ. ಹೆಸರು ಹುಡುಕಿ, ಎರಡನೇ ಖಾನೆಯಲ್ಲಿ ದೂರ ಬರೆದು, ಕೊನೆಗೆ ಮೊದಲ ಖಾನೆಗೆ ಆ ಎರಡು ಇನ್‌ಸ್ಟ್ರಕ್ಷನ್‌ನ ಫಂಕ್ಷನ್ ಹಾಕುತ್ತದೆ. ಗ್ಲಿಬ್‌ಸಿಯಲ್ಲೂ ಹಿಂದೆ ಇದೇ ಕ್ರಮ ಇತ್ತು.

ಮೊದಲ ಪೆಟ್ಟು ಬಿದ್ದದ್ದು ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ. ಒಂದು ಪರೀಕ್ಷೆಯಲ್ಲಿ ಸರಾಸರಿ ತಪ್ಪು ಬರುತ್ತಿತ್ತು, ಅದೂ ಮೊದಲ ಸುತ್ತಿನಲ್ಲಿ ಮಾತ್ರ. ಡಿಸ್ಕ್ರಿಪ್ಟರ್ ಫಂಕ್ಷನ್ನನ್ನು ಕರೆಯುವಾಗ ಮಾಮೂಲಿ ಕರೆಯ ನಿಯಮ ಇಲ್ಲ. ಹೆಚ್ಚುಕಡಿಮೆ ಎಲ್ಲ ರಿಜಿಸ್ಟರ್‌ಗಳೂ ಇದ್ದಂತೆಯೇ ಇರುತ್ತವೆ ಅಂತ ಕಂಪೈಲರ್ ನಂಬಿರುತ್ತದೆ. ನನ್ನ ‘ಹುಡುಕು’ ಸಿ ಭಾಷೆಯಲ್ಲಿತ್ತು, ಅದರೊಳಗಿನ ಮೆಮೊರಿ ಕಾಪಿಗೆ ಕಂಪೈಲರ್ ವೆಕ್ಟರ್ ರಿಜಿಸ್ಟರ್ ಬಳಸಿತ್ತು. ಕರೆದವರ ಮೊತ್ತ ಅಳಿಸಿಹೋಯಿತು. 32 ವೆಕ್ಟರ್ ರಿಜಿಸ್ಟರ್, ತಲಾ 16 ಬೈಟ್, ಒಟ್ಟು 512 ಬೈಟ್ ಸ್ಟ್ಯಾಕ್‌ನಲ್ಲಿ ಎತ್ತಿಟ್ಟು ವಾಪಸ್ ತುಂಬುವ ಅಸೆಂಬ್ಲಿ ಬರೆದೆ. ಎಸ್‌ವಿಇ (ಆರ್ಮ್‌ನ ಇನ್ನೊಂದು ವೆಕ್ಟರ್ ಸೌಲಭ್ಯ) ಇರುವ ಪ್ರೊಸೆಸರ್‌ನಲ್ಲಿ ರಿಜಿಸ್ಟರ್ ಎಷ್ಟು ಉದ್ದ ಅನ್ನುವುದೇ ಚಿಪ್‌ನಿಂದ ಚಿಪ್‌ಗೆ ಬದಲಾಗುತ್ತದೆ, ಅಲ್ಲಿ ಇನ್ನೂ ಕಷ್ಟ. ಅದನ್ನು ಮುಂದಕ್ಕೆ ಹಾಕಿದೆ.

ಇಂಟೆಲ್ ಲ್ಯಾಪ್‌ಟಾಪ್‌ನಲ್ಲೂ ಇದೇ ಲೇಜಿ ಕೋಡ್‌ನ ಇನ್ನೊಂದು ರೂಪ ಇತ್ತು. ರಾತ್ರಿಯಿಡೀ ಓಡಿಸಿದರೂ ಒಂದು ತಪ್ಪೂ ಇಲ್ಲ. ರಾಸ್ಪ್‌ಬೆರಿ ಪೈ 4 ಬೋರ್ಡ್‌ಗೆ ಹಾಕಿದೆ. ಅದರಲ್ಲಿ ಕಾರ್ಟೆಕ್ಸ್-ಎ72 ಕೋರ್ 4 ಇವೆ. ಅಪರೂಪಕ್ಕೊಮ್ಮೆ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ಮುಟ್ಟಬಾರದ ವಿಳಾಸ ಮುಟ್ಟಿ ಪ್ರೋಗ್ರಾಂ ಬೀಳುವುದು. ಮತ್ತೆ ಓಡಿಸಿದರೆ ಇಲ್ಲ.

ಒಂದು ವೇರಿಯಬಲ್‌ಗೆ ಮೊದಲ ಸಲ ಅನ್ನುವುದು ಪ್ರೋಸೆಸ್‌ಗೆ ಒಂದೇ ಬಾರಿ ಬರುವುದರಿಂದ ಇಂಥದ್ದನ್ನು ಹಿಡಿಯುವುದು ಕಷ್ಟ. ಅದಕ್ಕೆ 500 ಥ್ರೆಡ್-ಲೋಕಲ್ ವೇರಿಯಬಲ್ ಇರುವ ಲೈಬ್ರರಿಯನ್ನು ಸ್ಕ್ರಿಪ್ಟ್‌ನಿಂದ ಹುಟ್ಟಿಸಿದೆ. ಪ್ರತಿಯೊಂದಕ್ಕೂ ಬೇರೆ ಡಿಸ್ಕ್ರಿಪ್ಟರ್. 4 ಥ್ರೆಡ್‌ಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿ, ಒಟ್ಟಿಗೆ ಬಿಟ್ಟು, ಒಂದೊಂದಾಗಿ ಎಲ್ಲವನ್ನೂ ಮುಟ್ಟಿಸಿದೆ. ಆಗ ತಪ್ಪು ಕೈಗೆ ಸಿಗತೊಡಗಿತು.

ಜಿಡಿಬಿ ಎಂಬ ಡೀಬಗರ್‌ನಲ್ಲಿ ತೆರೆದೆ. ಫಾಲ್ಟ್ ಆದ ವಿಳಾಸ ವಿಚಿತ್ರವಾಗಿತ್ತು. ಆ ಲೈಬ್ರರಿ ಕೂತಿದ್ದ ಜಾಗದ ವಿಳಾಸಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು. ಎರಡು ವಿಳಾಸಗಳನ್ನು ಕೂಡಿಸಿದರೆ ಹೀಗೆ ಬರುತ್ತದೆ ಅಂತ ತಲೆಗೆ ಹೊಳೆಯಿತು. ಎಕ್ಸ್0 ನೋಡಿದೆ. ಅದರಲ್ಲಿ 48ರಂಥ ಚಿಕ್ಕ ಸಂಖ್ಯೆ ಇರಬೇಕಿತ್ತು. ಇದ್ದದ್ದು ಒಂದು ಪೂರ್ತಿ ವಿಳಾಸ. ಅದರಿಂದ ಲೈಬ್ರರಿಯ ರಿಲೊಕೇಶನ್ ಪಟ್ಟಿ ಶುರುವಾಗುವ ಜಾಗವನ್ನು ಕಳೆದೆ. ಉತ್ತರ 24ರಿಂದ ಸರಿಯಾಗಿ ಭಾಗವಾಯಿತು. ಒಂದು ರಿಲೊಕೇಶನ್ ದಾಖಲೆಯ ಅಳತೆ 24 ಬೈಟ್.

ಅಲ್ಲಿಗೆ ಗೊತ್ತಾಯಿತು. ಆ ಥ್ರೆಡ್ ಮೊದಲ ಖಾನೆಯಲ್ಲಿ ಹೊಸ ಫಂಕ್ಷನ್ ನೋಡಿದೆ, ಎರಡನೇ ಖಾನೆಯಲ್ಲಿ ಹಳೇ ದಾಖಲೆ ಓದಿದೆ. ಅದನ್ನೇ ದೂರ ಅಂದುಕೊಂಡು ಥ್ರೆಡ್ ಪಾಯಿಂಟರ್‌ಗೆ ಕೂಡಿಸಿದೆ. ಜಿಡಿಬಿಯಲ್ಲಿ ಡಿಸ್ಕ್ರಿಪ್ಟರ್ ನೋಡಿದರೆ ಎರಡೂ ಖಾನೆ ಸರಿಯಾಗೇ ಇದ್ದವು, ಅಷ್ಟೊತ್ತಿಗೆ ಬರೆದದ್ದು ಬಂದು ತಲುಪಿತ್ತು.

ಬರೆಯುವ ಕಡೆ ನಾನು ಕ್ರಮ ಸರಿಯಾಗೇ ಇಟ್ಟಿದ್ದೆ. ಮೊದಲು ಎರಡನೇ ಖಾನೆ, ಆಮೇಲೆ ರಿಲೀಸ್ ಸ್ಟೋರ್‌ನಿಂದ (ಹಿಂದಿನ ಬರಹಗಳು ತನಗಿಂತ ಮೊದಲೇ ಕಾಣುವಂತೆ ನೋಡಿಕೊಳ್ಳುವ ಬರಹ) ಮೊದಲ ಖಾನೆ. ಓದುವ ಕಡೆ ಏನೂ ಮಾಡಿರಲಿಲ್ಲ. ಇಂಟೆಲ್ ಪ್ರೊಸೆಸರ್ ಒಂದರ ಹಿಂದೊಂದು ಬರುವ ಎರಡು ಓದುಗಳನ್ನು ಅದೇ ಕ್ರಮದಲ್ಲಿ ಮಾಡಿದಂತೆ ತೋರಿಸುತ್ತದೆ, ಹಾಗಾಗಿ ಅಲ್ಲಿ ಕಾಣಿಸಲಿಲ್ಲ. ಆರ್ಮ್‌ಗೆ ಆ ಕಟ್ಟುಪಾಡಿಲ್ಲ. ಫಂಕ್ಷನ್ ಯಾವುದು ಅಂತ ಖಚಿತವಾಗುವ ಮೊದಲೇ ಅದು ಊಹೆಯ ಮೇಲೆ ಮುಂದೆ ಹೋಗಿ ಎರಡನೇ ಖಾನೆ ಓದಿಬಿಡಬಹುದು.

ಮೊದಲ ಖಾನೆ ಓದುವ ಇನ್‌ಸ್ಟ್ರಕ್ಷನ್ ಕಂಪೈಲರ್ ಬರೆದದ್ದು, ಸಾವಿರಾರು ಲೈಬ್ರರಿಗಳಲ್ಲಿ ಆಗಲೇ ಕೂತಿದೆ. ನಾನು ಮುಟ್ಟಬಹುದಾದದ್ದು ಆ ಎರಡು ಇನ್‌ಸ್ಟ್ರಕ್ಷನ್‌ನ ಫಂಕ್ಷನ್ ಮಾತ್ರ. ಪರಿಹಾರ ಗ್ಲಿಬ್‌ಸಿಯ ಹಳೇ ಕೋಡ್‌ನಲ್ಲಿ ಸಿಕ್ಕಿತು, 2015ರಲ್ಲಿ ಸೇರಿಸಿದ್ದು. ಫಂಕ್ಷನ್‌ನ ಒಳಗೆ ಮೊದಲ ಖಾನೆಯನ್ನು ಇನ್ನೊಮ್ಮೆ ಓದಬೇಕು, ಈ ಸಲ ಎಲ್‌ಡಿಎಆರ್ ಎಂಬ ಅಕ್ವೈರ್ ಲೋಡ್‌ನಿಂದ, ಅಂದರೆ ನಂತರದ ಓದುಗಳು ತನಗಿಂತ ಮುಂದೆ ಹೋಗದಂತೆ ತಡೆಯುವ ಓದು. ಓದಿದ ಬೆಲೆ ಬೇಡ, ಎಸೆದುಬಿಡುವುದು. ಒಂದೇ ಜಾಗವನ್ನು ಎರಡು ಸಲ ಓದಿದಾಗ ಎರಡನೇ ಸಲ ಮೊದಲಿಗಿಂತ ಹಳೆಯದು ಸಿಗುವಂತಿಲ್ಲ. ಆ ಓದು ಅಕ್ವೈರ್ ಆದ್ದರಿಂದ ಅದರ ನಂತರದ ಓದಿಗೆ ಹೊಸ ದೂರವೇ ಸಿಗಬೇಕು. ಆ ಒಂದು ಸಾಲು ಸೇರಿಸಿದ ಮೇಲೆ ಪರೀಕ್ಷೆ ವಾರಗಟ್ಟಲೆ ಓಡಿದರೂ ಬೀಳಲಿಲ್ಲ. ಇಷ್ಟು ಚೊಕ್ಕವಾದ ಪರಿಹಾರ ನಾನು ನೋಡಿದ್ದು ಕಡಿಮೆ.

ಆದರೂ ಅದನ್ನು ಉಳಿಸಿಕೊಳ್ಳಲಿಲ್ಲ.

ವೇಗ ಅಳೆದು ನೋಡಿದೆ. ವೇರಿಯಬಲ್ ಮುಟ್ಟಿದಾಗಲೆಲ್ಲ, ಪ್ರೋಗ್ರಾಂ ಮುಗಿಯುವವರೆಗೂ, ಆ ಅಕ್ವೈರ್ ಲೋಡ್ ಓಡುತ್ತಲೇ ಇರುತ್ತದೆ. ಉಳಿಸಿದ್ದು ಶುರುವಿನಲ್ಲಿ ಒಂದು ಹೆಸರಿನ ಹುಡುಕಾಟ, ಕಟ್ಟುತ್ತಿರುವುದು ಪ್ರತಿ ಸಲದ ಸುಂಕ. ಗ್ಲಿಬ್‌ಸಿಯವರು ಇದನ್ನು ಮೊದಲೇ ಕಂಡುಕೊಂಡಿದ್ದರು. ಮಾಮೂಲಿ ಗ್ಲೋಬಲ್ ವೇರಿಯಬಲ್‌ಗೆ ಹೋಲಿಸಿದರೆ ಟಿಎಲ್‌ಎಸ್‌ಗೆ ತಗಲುವ ಹೆಚ್ಚುವರಿ ಖರ್ಚು ಲೇಜಿ ದಾರಿಯಲ್ಲಿ 3 ಪಟ್ಟಿಗಿಂತ ಜಾಸ್ತಿ ಅಂತ ಅಳೆದು, 2017ರಲ್ಲಿ 64 ಬಿಟ್ ಆರ್ಮ್‌ನಲ್ಲಿ ಅದನ್ನು ನಿಲ್ಲಿಸಿದರು. 2021ರಲ್ಲಿ 64 ಬಿಟ್ ಇಂಟೆಲ್‌ನ ಲೇಜಿ ಕೋಡನ್ನೂ ತೆಗೆದರು. ಮಸಲ್‌ನಲ್ಲಿ ಲೇಜಿ ಬೈಂಡಿಂಗ್ ಅನ್ನುವುದೇ ಇಲ್ಲ. ನನಗೆ ಇನ್ನೊಂದು ಭಯವೂ ಇತ್ತು. ಒಂದು ಥ್ರೆಡ್ ಬೀಗ ಹಾಕಿಕೊಂಡು ಹುಡುಕುತ್ತಿರುವಾಗ ಅದಕ್ಕೇ ಸಿಗ್ನಲ್ (ಕೆಲಸವನ್ನು ನಡುವೆಯೇ ತಡೆಯುವ ಸೂಚನೆ) ಬಂದು, ಸಿಗ್ನಲ್ ಹ್ಯಾಂಡ್ಲರ್ ಕೂಡ ಅಂಥದ್ದೇ ವೇರಿಯಬಲ್ ಮುಟ್ಟಿದರೆ? ಅರ್ಧ ಬರೆದ ಸ್ಥಿತಿಯ ಮೇಲೆ ಇನ್ನೊಂದು ಹುಡುಕಾಟ, ಇಲ್ಲವೇ ಎಂದೂ ಬಿಚ್ಚದ ಬೀಗ. ಶುರುವಿನಲ್ಲೇ ಜೋಡಿಸಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

‘ಹುಡುಕು’, ‘ಕಾಯಿರಿ’, 512 ಬೈಟ್‌ನ ಆ ಅಸೆಂಬ್ಲಿ, ಎಲ್ಲ ಅಳಿಸಿದೆ. ಎಸ್‌ವಿಇ ಚಿಂತೆಯೂ ಬಹುಮಟ್ಟಿಗೆ ಅದರ ಜೊತೆಗೇ ಹೋಯಿತು.

ಇನ್ನೊಂದು ಬಗೆಯ ಲೇಜಿತನವನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಇವೆರಡನ್ನೂ ನಾನು ತುಂಬಾ ದಿನ ಒಂದೇ ಅಂದುಕೊಂಡಿದ್ದೆ. ಹೆಸರು ಹುಡುಕುವುದು ಇಡೀ ಪ್ರೋಸೆಸ್‌ಗೆ ಒಂದು ಸಲದ ಕೆಲಸ. ಪ್ರೋಗ್ರಾಂ ಓಡುತ್ತಿರುವಾಗ ಮಧ್ಯದಲ್ಲಿ ಡಿಎಲ್‌ಓಪನ್ ಎಂಬ ಕರೆಯಿಂದ ಬಂದ ಲೈಬ್ರರಿಯ ಟಿಎಲ್‌ಎಸ್ ಬ್ಲಾಕ್‌ಗೆ ಜಾಗ ಮಾಡುವುದು ಪ್ರತಿ ಥ್ರೆಡ್‌ಗೂ ಬೇರೆ ಕೆಲಸ. ನೂರು ಥ್ರೆಡ್ ಇದ್ದು ಎರಡೇ ಆ ಲೈಬ್ರರಿಯನ್ನು ಬಳಸಿದರೆ ಉಳಿದವಕ್ಕೆ ಸುಮ್ನೆ ಯಾಕೆ ಮೆಮೊರಿ? ಅದನ್ನು ಮುಟ್ಟಿದಾಗಲೇ ಕೊಡುತ್ತೇನೆ. ಆ ಥ್ರೆಡ್‌ನ ಪಟ್ಟಿಯನ್ನು ಆ ಥ್ರೆಡ್ ಮಾತ್ರ ಬರೆಯುವುದರಿಂದ ಓದುವ ಕ್ರಮದ ತಂಟೆ ಇಲ್ಲ. ಇಲ್ಲೂ ಮಸಲ್ ದಾರಿ ಬೇರೆ. ಡಿಎಲ್‌ಓಪನ್ ಸಮಯದಲ್ಲೇ ಇರುವ ಎಲ್ಲ ಥ್ರೆಡ್‌ಗಳಿಗೂ ಜಾಗ ಕಾದಿರಿಸುತ್ತದೆ. ಮೆಮೊರಿ ಸಾಲದಿದ್ದರೆ ಡಿಎಲ್‌ಓಪನ್ ಸೋಲುತ್ತದೆ, ಆಮೇಲೆ ಯಾವುದೋ ಥ್ರೆಡ್ ನಡುನೀರಿನಲ್ಲಿ ಸಾಯುವುದಿಲ್ಲ. ಅದೇ ಸರಿಯೇನೋ ಅಂತ ನನಗೂ ಈಚೆಗೆ ಅನ್ನಿಸುತ್ತಿದೆ, ಇನ್ನೂ ತೀರ್ಮಾನ ಮಾಡಿಲ್ಲ.

ನೀವೂ ಲಿಂಕರ್ ಬರೆಯುತ್ತಿದ್ದರೆ ಒಂದು ವಿಷಯ ಗಮನದಲ್ಲಿರಲಿ. ಆರ್ಮ್‌ನಲ್ಲಿ ಟಿಎಲ್‌ಎಸ್ ಡಿಸ್ಕ್ರಿಪ್ಟರ್‌ನ ರಿಲೊಕೇಶನ್ ಸಂಖ್ಯೆ 1031. ಅದು ಲೇಜಿಯಾಗಿ ಜೋಡಿಸುವ ಫಂಕ್ಷನ್‌ಗಳ ರಿಲೊಕೇಶನ್ ಪಟ್ಟಿಯಲ್ಲೇ (ಪಿಎಲ್‌ಟಿ ಪಟ್ಟಿ) ಸಾಮಾನ್ಯವಾಗಿ ಸೇರಿಕೊಂಡು ಬರುತ್ತದೆ. ಇಡೀ ಪಟ್ಟಿಯನ್ನು ‘ಆಮೇಲೆ’ ಅಂತ ಬಿಟ್ಟರೆ ಇದೂ ಹೊರಗುಳಿಯುತ್ತದೆ. ಪಟ್ಟಿಯಲ್ಲಿ ಹೋಗುತ್ತಾ 1031 ಸಿಕ್ಕಿದ ತಕ್ಷಣ ಅಲ್ಲೇ ಹೆಸರು ಹುಡುಕಿ ಎರಡೂ ಖಾನೆ ತುಂಬಿಬಿಡಿ. ಉಳಿದ ಫಂಕ್ಷನ್‌ಗಳು ಬೇಕಾದರೆ ಕಾಯಲಿ.