ಮಲಗಿದರೂ ದಣಿವಾರದವರಿಗೆ: ನಿದ್ದೆ ಮತ್ತು ಮನಸ್ಸಿನ ಲೆಕ್ಕ ಬರೆಯುವ ಬಗೆ

ಆರು ತಿಂಗಳು ಮೀರಿದ ದಣಿವು, ಎಂಟು ತಾಸು ಮಲಗಿದರೂ ಹಗುರಾಗದ ಮೈ, ಸ್ವಲ್ಪ ಹೆಚ್ಚು ದುಡಿದರೆ ಹಾಸಿಗೆ ಹಿಡಿಯುವುದು: ಇದು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ದೀರ್ಘ ದಣಿವಿನ ಕಾಯಿಲೆ ಇರಬಹುದು, ಸೋಮಾರಿತನವಲ್ಲ. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ಪರೀಕ್ಷೆ ಮಾಡಿಸಿ. ಜೋರು ಗೊರಕೆಯಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಒಂದು ನೋಟ್‌ಬುಕ್ಕಿನಲ್ಲಿ 14 ದಿನ ಬರೆಯಿರಿ. ಬೆಳಿಗ್ಗೆ: ಮಲಗಿದ್ದು, ಎಚ್ಚರವಾದದ್ದು, ಎದ್ದದ್ದು. ಅಂದಾಜು ಸಾಕು, ರಾತ್ರಿ ಗಡಿಯಾರ ನೋಡಿದಷ್ಟೂ ನಿದ್ದೆ ದೂರ.

ಸಂಜೆಯ ಬರಹವೇ ಕಷ್ಟದ್ದು. ‘ಸುಸ್ತು’ ಎಂಬ ಒಂದೇ ಮಾತಿನಡಿ ಸಿಟ್ಟು, ಅಳುಕು, ದುಃಖ ಎಲ್ಲ ಅಡಗಿರುತ್ತವೆ. ಹಾಗಾಗಿ ಮೊದಲು ಮೈ, ಆಮೇಲೆ ಮನಸ್ಸು. ಹೀಗೆ: “ಅತ್ತೆ ‘ಒಂಚೂರು ಓಡಾಡವ್ವ, ಎಲ್ಲಾ ಸರಿಹೊಕ್ಕತಿ’ ಅಂದ್ರು. ದವಡೆ ಬಿಗಿಯಿತು, ಗಂಟಲು ಕಟ್ಟಿತು. ಸಿಟ್ಟು, ಅದರಡಿ ಅವಮಾನ.” ಹೆಸರು ಸಿಗದಿದ್ದರೆ ಮೈಯ ಗುರುತಷ್ಟೇ ಬರೆದು ಬಿಡಿ. ಆದರೆ ಮಲಗುವ ಹೊತ್ತಿಗೆ ಬರೆಯಬೇಡಿ, ಕೆದಕಿದ್ದು ತಲೆಯಲ್ಲೇ ಸುತ್ತುತ್ತದೆ.

ಹೆಚ್ಚು ದುಡಿದ ಮೇಲಿನ ಕುಸಿತ ಸಾಮಾನ್ಯವಾಗಿ 12ರಿಂದ 48 ತಾಸು ತಡವಾಗಿ ಬರುತ್ತದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದ ದಿನ ಚೆನ್ನಾಗಿದ್ದು ಮೂರನೇ ದಿನ ಮಲಗಿದರೆ, ಹಿಂದಿನ ಎರಡು ಪುಟ ತಿರುವಿ, ಕಾರಣ ಅಲ್ಲಿರುತ್ತದೆ.

ಮಧ್ಯಾಹ್ನ 2ರ ನಂತರ ಚಹಾ ಬೇಡ. ಬೇಸಿಗೆಯಲ್ಲಿ ತಾರಸಿಯ ಕಾವು ರಾತ್ರಿಯೂ ಇಳಿಯುವುದಿಲ್ಲ, ಕೆಳಗಿನ ಕೋಣೆಯಲ್ಲಿ ಮಲಗಿ. ನಿದ್ದೆಯ ತಾಸು ಕಡಿತ ಮಾಡುವ ಚಿಕಿತ್ಸೆಯನ್ನು ಸ್ವಂತಕ್ಕೆ ಮಾಡಿಕೊಳ್ಳಬೇಡಿ. ಪಟ್ಟು ಹಿಡಿದು ವ್ಯಾಯಾಮ ಏರಿಸುವುದೂ ಬೇಡ. ಚಿಕಿತ್ಸೆ ಹೇಗಿರಬೇಕೆಂದು ಹೇಳುವ ಬ್ರಿಟನ್ನಿನ ಸಂಸ್ಥೆ ನೈಸ್‌ನ ಮಾರ್ಗಸೂಚಿ 2021ರಲ್ಲೇ ಅದನ್ನು ಕೈಬಿಟ್ಟಿದೆ. ಬದುಕೇ ಬೇಡವೆನಿಸಿದರೆ ಪುಸ್ತಕ ಬದಿಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.