ಮಕ್ಕಳೊಂದಿಗೆ ಕೆಲಸ ಮಾಡುವವರ ಆಯ್ಕೆ ಮತ್ತು ಮೇಲ್ವಿಚಾರಣೆ

ಶಾಲೆಯಿರಲಿ, ವಸತಿನಿಲಯವಿರಲಿ, ಕ್ರೀಡಾ ತರಬೇತಿ ಕೇಂದ್ರವಿರಲಿ, ಮಕ್ಕಳು ಬಂದುಹೋಗುವ ಯಾವುದೇ ಸಂಸ್ಥೆ ಹೊಸಬರನ್ನು ನೇಮಿಸಿಕೊಳ್ಳುವ ಮುನ್ನ ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನು ಕೇಳಲೇಬೇಕು. ಆದರೆ ಯಾರೂ ದೂರು ಕೊಡದ ಸಂಗತಿ ಅದರಲ್ಲಿ ಇರುವುದಿಲ್ಲ ಎಂಬ ಅರಿವೂ ಇರಬೇಕು. ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ 2013ರಿಂದ 2017ರವರೆಗೆ ವಿಚಾರಣೆ ನಡೆಸಿದ ಆಸ್ಟ್ರೇಲಿಯಾದ ರಾಯಲ್ ಕಮಿಷನ್ ಮುಂದೆ ಖಾಸಗಿಯಾಗಿ ಹೇಳಿಕೊಂಡ ಸಂತ್ರಸ್ತರು, ತಮಗಾದದ್ದನ್ನು ಮೊದಲ ಸಲ ಇನ್ನೊಬ್ಬರಿಗೆ ತಿಳಿಸಲು ಸರಾಸರಿ ಸುಮಾರು 24 ವರ್ಷ ತೆಗೆದುಕೊಂಡಿದ್ದರು. ಅಷ್ಟು ವರ್ಷಗಳ ಕಾಲ ಆರೋಪಿಯ ಪ್ರಮಾಣಪತ್ರ ಸ್ವಚ್ಛವಾಗಿಯೇ ಇದ್ದೀತು. ಆದ್ದರಿಂದ ಅದನ್ನು ಕಡತಕ್ಕೆ ಸೇರಿಸಿ, ಉಳಿದ ಕೆಲಸಕ್ಕೆ ಕೈಹಾಕಬೇಕು.

ಅರ್ಜಿಯಲ್ಲಿ ಅಭ್ಯರ್ಥಿಯ ಉದ್ಯೋಗದ ಇತಿಹಾಸವನ್ನು ತಿಂಗಳು ಮತ್ತು ವರ್ಷ ಸಹಿತ ಕೇಳಿ. ನಡುವೆ ಖಾಲಿ ಬಿಟ್ಟ ಅವಧಿಗೆ ಅನಾರೋಗ್ಯ, ಹೆರಿಗೆ, ಓದು ಹೀಗೆ ಸಹಜವಾದ ಕಾರಣಗಳೇ ಹೆಚ್ಚಾಗಿ ಇರುತ್ತವೆ; ಆದರೂ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಗುರುತಿನ ಚೀಟಿ ಮತ್ತು ವಿದ್ಯಾರ್ಹತೆಯ ಮೂಲ ಪ್ರತಿಗಳನ್ನು ನೋಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಹೆಚ್ಚು ಸಮಯ ಕೊಡಬೇಕಾದದ್ದು ಹಿಂದಿನ ಸಂಸ್ಥೆಯೊಡನೆ ಮಾತನಾಡುವುದಕ್ಕೆ. ಅಭ್ಯರ್ಥಿ ತಾನೇ ತಂದುಕೊಡುವ, ಯಾರನ್ನೂ ಉದ್ದೇಶಿಸದ ಶಿಫಾರಸು ಪತ್ರಕ್ಕೆ ಬೆಲೆ ಕಡಿಮೆ. ಸಂಸ್ಥೆಯ ಅಧಿಕೃತ ದೂರವಾಣಿ ಸಂಖ್ಯೆಯನ್ನು ನೀವೇ ಹುಡುಕಿ, ಅಭ್ಯರ್ಥಿಯ ಕೆಲಸವನ್ನು ಕಣ್ಣಾರೆ ಕಂಡ ಮೇಲಧಿಕಾರಿಯೊಂದಿಗೆ ಮಾತನಾಡಿ. "ಅವರು ಹೇಗೆ?" ಎಂದು ಕೇಳಿದರೆ "ಒಳ್ಳೆಯವರು" ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. "ಮಕ್ಕಳೊಂದಿಗೆ ಅವರ ನಡವಳಿಕೆಯ ಬಗ್ಗೆ ನಿಮಗೆ ಯಾವತ್ತಾದರೂ ಆತಂಕವಾಗಿತ್ತೇ? ಅವರನ್ನು ಇದೇ ಕೆಲಸಕ್ಕೆ ಮತ್ತೆ ತೆಗೆದುಕೊಳ್ಳುತ್ತೀರಾ?" ಎಂದು ನೇರವಾಗಿ ಕೇಳಿ. ಉತ್ತರಕ್ಕೆ ಮುಂಚೆ ಆ ಕಡೆಯವರು ತಡವರಿಸಿದರೆ ಅದನ್ನೇ ಅಪರಾಧದ ಸಾಕ್ಷಿ ಎಂದುಕೊಳ್ಳುವುದು ತಪ್ಪು. ಇನ್ನೆರಡು ಪ್ರಶ್ನೆ ಕೇಳಲು ಅಷ್ಟು ಕಾರಣ ಸಾಕು.

ಸಂದರ್ಶನದಲ್ಲಿ "ಮಕ್ಕಳೆಂದರೆ ಇಷ್ಟವೇ?" ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ; ಇಲ್ಲ ಎನ್ನುವವರು ಅರ್ಜಿಯನ್ನೇ ಹಾಕಿರುವುದಿಲ್ಲ. ಬದಲಿಗೆ ಒಂದು ಸನ್ನಿವೇಶ ಕೊಡಿ: ತರಗತಿ ಮುಗಿದಿದೆ, ಒಂದು ಮಗುವನ್ನು ಕರೆದೊಯ್ಯಲು ಮನೆಯವರು ಬಂದಿಲ್ಲ, ಉಳಿದ ಸಿಬ್ಬಂದಿ ಹೊರಟಿದ್ದಾರೆ, ಆಗ ಏನು ಮಾಡುತ್ತೀರಿ? ತನ್ನ ಬೈಕಿನಲ್ಲಿ ಬಿಟ್ಟುಬರುತ್ತೇನೆ ಎನ್ನುವವರು ಕೆಟ್ಟವರೆಂದಲ್ಲ, ಬಹುಪಾಲು ಅದು ಬರೀ ಕಾಳಜಿಯ ಮಾತು. ಆದರೆ ಒಬ್ಬ ಸಹೋದ್ಯೋಗಿಯನ್ನು ಉಳಿಸಿಕೊಂಡು, ಪೋಷಕರಿಗೆ ಮತ್ತು ಮುಖ್ಯಸ್ಥರಿಗೆ ಕರೆ ಮಾಡಿ, ಎಲ್ಲರಿಗೂ ಕಾಣುವ ಜಾಗದಲ್ಲಿ ಮಗುವಿನೊಂದಿಗೆ ಕಾಯಬೇಕೆಂಬುದನ್ನು ಅವರಿಗೆ ಕಲಿಸಬೇಕಾಗುತ್ತದೆ. ಚಾಲಕರು, ಅಡುಗೆಯವರು, ಸ್ವಯಂಸೇವಕರು, ಗುತ್ತಿಗೆಯವರು, ಆಡಳಿತ ಮಂಡಳಿಯವರ ನೆಂಟರು, ಎಲ್ಲರಿಗೂ ಇದೇ ಕ್ರಮ ಅನ್ವಯಿಸಬೇಕು.

ನೇಮಕವಾದ ಮೇಲೆ ಬಹಳ ಸಂಸ್ಥೆಗಳು ಕೈತೊಳೆದುಕೊಂಡುಬಿಡುತ್ತವೆ. ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿಯಾದರೋ ಸಿಬ್ಬಂದಿಯ ಯೋಗ್ಯತೆಯ ಜೊತೆಗೇ ಸಮರ್ಥ ಮೇಲ್ವಿಚಾರಣೆಯನ್ನೂ ಹೇಳುತ್ತದೆ. ಮೊದಲ ದಿನವೇ ನೀತಿ ಸಂಹಿತೆಯನ್ನು ಕುಳಿತು ಓದಿಸಿ, ಅನುಮಾನ ಬಂದರೆ ಯಾರಿಗೆ ತಿಳಿಸಬೇಕೆಂಬುದನ್ನು ಹೆಸರು ಸಹಿತ ಹೇಳಿ. ಪ್ರೊಬೇಷನ್ ಅವಧಿಯಲ್ಲಿ ಆಗಾಗ, ಆಮೇಲೂ ನಿಗದಿತವಾಗಿ, ಮೇಲ್ವಿಚಾರಕರು ಒಬ್ಬೊಬ್ಬರೊಂದಿಗೂ ಕುಳಿತು ಮಾತನಾಡಬೇಕು. ಅದು ಬರೀ ಹಾಜರಿ, ವರದಿಗಳ ತಪಾಸಣೆಯಾದರೆ, ಒಂದು ಮಗು ರಾತ್ರಿ ಹೊತ್ತು ತನಗೆ ವಾಟ್ಸಾಪ್ ಸಂದೇಶ ಕಳಿಸುತ್ತಿದೆ ಎಂಬುದನ್ನು ಯಾವ ಶಿಕ್ಷಕಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದಾಗ ಗದರದೆ, ಸಂದೇಶಗಳನ್ನು ಅಳಿಸದಂತೆ ತಿಳಿಸಿ, ಮಗುವಿಗೆ ಏನು ಬೇಕಾಗಿದೆ ಎಂಬುದನ್ನು ವಿಚಾರಿಸಿ, ಮುಂದೆ ಸಂಸ್ಥೆಯ ಗುಂಪಿನಲ್ಲಷ್ಟೇ ಸಂದೇಶ ಕಳಿಸುವಂತೆ ಇಬ್ಬರಿಗೂ ವಿವರಿಸಿ. ಮಗುವಿನ ನೋವಿನ ಕಥೆಯನ್ನು ಕೇಳಿಸಿಕೊಂಡವರಿಗೂ ಆಸರೆ ಬೇಕಾಗುತ್ತದೆ; ಆಪ್ತಸಮಾಲೋಚನೆಗೆ ಹೋಗಲು ರಜೆ ಕೇಳಿದರೆ ಹುಬ್ಬುಗಂಟಿಕ್ಕಬಾರದು.

ದೂರು ಬಂದಾಗ ಆರೋಪಿತರನ್ನು ಮಕ್ಕಳ ಸಂಪರ್ಕದಿಂದ ದೂರವಿರಿಸಿ, ಕಾನೂನಿನ ಪ್ರಕಾರ ವರದಿ ಮಾಡಬೇಕು. ಒಳಗೊಳಗೇ ರಾಜೀನಾಮೆ ಬರೆಸಿಕೊಂಡು ಒಳ್ಳೆಯ ನಡತೆಯ ಪತ್ರ ಕೊಟ್ಟು ಕಳಿಸುವುದು ಇನ್ನೊಂದು ಸಂಸ್ಥೆಯ ಮಕ್ಕಳಿಗೆ ಮಾಡುವ ದ್ರೋಹ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಸಂಬಂಧಿಸಿದ ದಾಖಲೆಗಳನ್ನು ಕನಿಷ್ಠ 45 ವರ್ಷ ಕಾಪಾಡಬೇಕೆಂದು ಅದೇ ರಾಯಲ್ ಕಮಿಷನ್ ಶಿಫಾರಸು ಮಾಡಿದೆ. ಕಾಗದದ ಕಡತ ಅಷ್ಟು ಕಾಲ ಬಾಳುವಂತೆ ಬೀಗದ ಕಪಾಟನ್ನೂ, ಕೀಲಿ ಯಾರ ಬಳಿ ಇರಬೇಕೆಂಬುದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ.