‘ನೀವು ಸ್ಥಳೀಯರಾ?’ ಅಂತ ಕೇಳಿ ನಾನು ಕಲಿತದ್ದು

ಎಂ.ಎ. ಕೊನೇ ವರ್ಷದ ಪ್ರಾಜೆಕ್ಟ್‌ಗೆ ನಾನು ವಿಷಯ ಹುಡುಕುತ್ತಿದ್ದಾಗ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಮಾತು, ಸ್ಥಳೀಯರಿಗೆ ಉದ್ಯೋಗ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಅಂತ. ಉದ್ಯಮಿಗಳು ವಿರೋಧಿಸಿದರು, ಒಂದೆರಡು ದಿನದಲ್ಲೇ ಅದನ್ನು ತಡೆಹಿಡಿದರು. ನಾನು ಅದನ್ನೇ ಹಿಡಿದುಕೊಂಡೆ.

ಮೊದಲ ತಿಂಗಳು ಬರೀ ಓದು. ಕನ್ನಡಿಗರಿಗೆ ಉದ್ಯೋಗ ಕೊಡುವ ಬಗ್ಗೆ ರಾಜ್ಯ ಸರ್ಕಾರ ನೇಮಿಸಿದ್ದ ಸರೋಜಿನಿ ಮಹಿಷಿ ಸಮಿತಿಯಿಂದ ಶುರು ಮಾಡಿದೆ. 1983ರಲ್ಲಿ ನೇಮಕವಾದ ಸಮಿತಿ 1986ರಲ್ಲಿ ಅಂತಿಮ ವರದಿ ಕೊಟ್ಟಿತು. ಅದರಲ್ಲಿ 58 ಶಿಫಾರಸುಗಳಿದ್ದವು. ಹದಿನೈದು ವರ್ಷ ಇಲ್ಲಿ ನೆಲೆಸಿ, ಕನ್ನಡ ಓದಲು, ಬರೆಯಲು, ಮಾತಾಡಲು ಬರುವವರು ಕನ್ನಡಿಗರು ಅನ್ನುವ ಲೆಕ್ಕ ಅಲ್ಲಿಂದಲೇ ಬಂದದ್ದು. ಟಿಪ್ಪಣಿ ಮಾಡುತ್ತಾ ನೋಟ್‌ಬುಕ್ ತುಂಬಿಹೋಯಿತು. ಗೈಡ್ ಮೇಡಂ ಅದನ್ನೆಲ್ಲ ತಿರುವಿ ನೋಡಿ, “ಓದಿದ್ದು ಸಾಕಮ್ಮ, ಇನ್ನು ಗೇಟ್ ಹತ್ತಿರ ಹೋಗಿ ನಿಲ್ಲು” ಅಂದರು.

ಹೋದೆ. ಬೆಂಗಳೂರಿನಿಂದ ಸ್ವಲ್ಪ ದೂರದ ಒಂದು ಕೈಗಾರಿಕಾ ಪ್ರದೇಶ, ಒಂದು ದೊಡ್ಡ ಕಾರ್ಖಾನೆ. ಎಚ್‌ಆರ್‌ನವರು ಒಂದು ಹಾಳೆ ಕೊಟ್ಟರು. ಅದರ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು, ಮುಕ್ಕಾಲು ಪಾಲಿಗಿಂತ ಜಾಸ್ತಿ ಕನ್ನಡಿಗರು. ಮಧ್ಯಾಹ್ನ ಶಿಫ್ಟ್ ಬಿಟ್ಟಾಗ ಗೇಟ್ ಹತ್ತಿರ ನಿಂತೆ. ಕೆಲವರ ಕೊರಳಲ್ಲಿ ನೀಲಿ ಟ್ಯಾಗ್, ಬಹಳ ಜನರ ಕೊರಳಲ್ಲಿ ಹಳದಿ. ಹಳದಿಯವರು ಕಂಟ್ರಾಕ್ಟರ್ ಕಡೆಯವರು. ಲೋಡಿಂಗ್, ಕ್ಯಾಂಟೀನ್, ಹೌಸ್‌ಕೀಪಿಂಗ್, ಸೆಕ್ಯುರಿಟಿ ಎಲ್ಲ ಅವರದೇ. ನನಗೆ ಕೊಟ್ಟ ಹಾಳೆಯಲ್ಲಿ ಅವರಲ್ಲಿ ಒಬ್ಬರ ಲೆಕ್ಕವೂ ಇರಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ರಾಜ್ಯದ 2020–25ರ ಕೈಗಾರಿಕಾ ನೀತಿಯಲ್ಲಿ ಒಟ್ಟಾರೆ ಶೇ 70, ‘ಡಿ’ ಗುಂಪಿನಲ್ಲಿ, ಅಂದರೆ ಕೆಳಹಂತದ ಕೆಲಸಗಳಲ್ಲಿ, ಶೇ 100 ಕನ್ನಡಿಗರಿಗೆ ಅಂತ ಇತ್ತು. ನಾನು ನೋಡಿದ ಕಡೆ ‘ಡಿ’ ಗುಂಪಿನ ಕೆಲಸವೇ ಕಂಟ್ರಾಕ್ಟರ್ ಕೈಗೆ ಹೋಗಿತ್ತು. ಕಂಪನಿಯ ಪಟ್ಟಿಯಲ್ಲೇ ಆ ಕೆಲಸ ಇಲ್ಲದಿದ್ದರೆ ನೂರಕ್ಕೆ ನೂರು ಅಂತ ಯಾವುದನ್ನು ಎಣಿಸಬೇಕು?

ಆದರೆ ನನ್ನ ಪ್ರಶ್ನಾವಳಿಯಲ್ಲೂ ತಪ್ಪಿತ್ತು. ನಾಲ್ಕನೇ ಪ್ರಶ್ನೆ: “ನೀವು ಸ್ಥಳೀಯರಾ? ಹೌದು / ಇಲ್ಲ.” ರಾಯಚೂರಿನ ಒಬ್ಬ ಹುಡುಗ ಪೆನ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ‘ಇಲ್ಲ’ಕ್ಕೆ ಗುರುತು ಹಾಕಿದ. ಯಾಕೆ ಅಂತ ಕೇಳಿದೆ. “ಇಲ್ಲಿನವ್ರು ನಮಗ ಹೊರಗಿನವ್ರು ಅಂತಾರ್ರಿ ಮೇಡಂ” ಅಂದ. ಹುಟ್ಟಿದ್ದು, ಓದಿದ್ದು, ಬೆಳೆದದ್ದು ಎಲ್ಲ ಕರ್ನಾಟಕದಲ್ಲೇ. ಯಾವ ಮಸೂದೆ ತೆಗೆದು ನೋಡಿದರೂ ಅವನು ಸ್ಥಳೀಯ.

ಅವನ ಹಿಂದೆಯೇ ಇದ್ದ ಹೌಸ್‌ಕೀಪಿಂಗ್ ಅಕ್ಕ ‘ಹೌದು’ ಅಂದರು. ಅಪ್ಪ ಅಮ್ಮ ತಮಿಳುನಾಡಿನಿಂದ ಬಂದವರು, ಇವರು ಹುಟ್ಟಿದ್ದು ಇಲ್ಲೇ. ನನಗಿಂತ ಚೆನ್ನಾಗಿ ಗಾದೆ ಹಾಕಿ ಕನ್ನಡ ಮಾತಾಡಿದರು. ಆದರೆ ಓದಲು ಬರುವುದಿಲ್ಲ, ಫಾರಂ ನಾನೇ ಓದಿ ಹೇಳಬೇಕಾಯಿತು. ಮಹಿಷಿ ವರದಿಯ ಲೆಕ್ಕದಲ್ಲಿ ಅವರು ಬರುವುದಿಲ್ಲ. ಟೀ ಅಂಗಡಿ ಹತ್ತಿರ ಕೂತಿದ್ದ ಒಬ್ಬ ಹಿರಿಯರದು ಬೇರೆಯೇ ಮಾತು. “ಈ ಗೇಟ್ ನಿಂತಿರೋದೇ ನಮ್ಮ ಹೊಲದ ಮೇಲೆ. ನಮ್ಮ ಹುಡುಗನಿಗೆ ಕೆಲಸ ಸಿಕ್ಕಿದ್ರೆ ಸ್ಥಳೀಯರಿಗೆ ಸಿಕ್ಕಂಗೆ.”

ಆ ರಾತ್ರಿ ನಾಲ್ಕನೇ ಪ್ರಶ್ನೆ ಹೊಡೆದು ಹಾಕಿದೆ. ಅದರ ಜಾಗದಲ್ಲಿ ನಾಲ್ಕು ಪ್ರಶ್ನೆ ಬರೆದೆ. ಹುಟ್ಟಿದ್ದು ಎಲ್ಲಿ, ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಕನ್ನಡ ಓದಲು ಬರೆಯಲು ಬರುತ್ತಾ, ಈ ಕಾರ್ಖಾನೆಗೆ ನಿಮ್ಮ ಮನೆಯ ಜಮೀನು ಹೋಗಿದೆಯಾ. ಅಲ್ಲಿವರೆಗೆ ತುಂಬಿಸಿದ್ದ ಫಾರಂಗಳನ್ನು ಮತ್ತೆ ಮಾಡಬೇಕಾಯಿತು. ಕೆಲವರು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದರು. ಅವರನ್ನು ಕಳೆದುಕೊಂಡ ಬೇಸರ ಇನ್ನೂ ಇದೆ.

ವೈವಾದಲ್ಲಿ, ಅಂದರೆ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಯಲ್ಲಿ, ಬಂದ ಮೊದಲ ಪ್ರಶ್ನೆ, ಇಂಥ ಕಾನೂನು ಕೋರ್ಟಿನಲ್ಲಿ ನಿಲ್ಲುತ್ತಾ ಅಂತ. ಹರಿಯಾಣದ ಉದಾಹರಣೆ ಹೇಳಿದೆ. ತಿಂಗಳಿಗೆ 30,000 ರೂಪಾಯಿವರೆಗಿನ ಖಾಸಗಿ ಕೆಲಸಗಳಲ್ಲಿ ಶೇ 75 ಸ್ಥಳೀಯರಿಗೆ ಅನ್ನುವ ಅಲ್ಲಿನ ಕಾಯ್ದೆಯನ್ನು 2023ರ ನವೆಂಬರ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಸರ್ಕಾರಿ ಕೆಲಸಕ್ಕೂ ವಾಸದ ಷರತ್ತು ಹಾಕುವ ಅಧಿಕಾರ ಸಂವಿಧಾನದ 16(3)ನೇ ವಿಧಿಯಲ್ಲಿ ಸಂಸತ್ತಿಗೆ ಮಾತ್ರ ಇದೆ. ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸರ್ಕಾರದಿಂದ ಜಮೀನು, ರಿಯಾಯಿತಿ ತಗೊಂಡ ಕಂಪನಿಯನ್ನು ಲೆಕ್ಕ ಕೇಳಬಹುದು, ಅಲ್ವಾ? ಹಳದಿ ಟ್ಯಾಗ್‌ನವರನ್ನೂ ಸೇರಿಸಿ.

ಪ್ರಾಜೆಕ್ಟ್ ಮುಗಿದ ಮೇಲೆ ಎರಡು ಪುಟದ ಸಾರಾಂಶ ಬರೆದು ಮತ್ತೆ ಆ ಗೇಟ್‌ಗೆ ಹೋದೆ. ಹೌಸ್‌ಕೀಪಿಂಗ್ ಅಕ್ಕನಿಗೆ ನಿಂತಲ್ಲೇ ಓದಿ ಹೇಳಿದೆ. ಕಂಟ್ರಾಕ್ಟ್‌ನವರ ಭಾಗವನ್ನು ಇನ್ನೊಂದು ಸಲ ಓದಿಸಿದರು.

“ಇದನ್ನ ಒಳಗೆ ಆಫೀಸಿಗೂ ಕೊಟ್ಟಿದ್ದೀರಾ?” ಅಂತ ಕೇಳಿದರು.

ಕೊಟ್ಟಿದ್ದೇನೆ ಅಕ್ಕ, ಅಂದೆ.